ಓಟ್ಸ್ ಡಬ್ಬಿ ಮತ್ತು ಮೆತ್ತೋ ಹಿಟ್ಟು

ಓಟ್ಸ್ ಎಂದ ಕೂಡಲೇ "ಅದು ಕುದುರೆ ತಿನ್ನೋದಲ್ವಾ ಮೇಡಂ?" ಎಂದು ನಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಂಜನಗೂಡಿನಿಂದ ನಮ್ಮೂರು ಬಿಳಿಗೆರೆಯ ತನಕ ಕ್ಯೂ ಆಗುತ್ತದೆ. "ಕುದುರೆ ಎಷ್ಟು ಗಟ್ಟಿಮುಟ್ಟಾಗಿದೆ ನೋಡಿದ್ದೀರಾ? ಈಗ ನಿಮ್ಮನ್ನ ನೀವು ನೋಡ್ಕೊಳ್ಳಿ" ಎನ್ನುವುದು ನನ್ನ ಉತ್ತರ. ನನ್ನ ಬಾಯಿ ಸ್ವಲ್ಪ ಜೋರು. ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸ ನನ್ನದು, ವಾರಕ್ಕೊಂದು ದಿನ ಟಿ. ನರಸೀಪುರದ ಕ್ಲಿನಿಕ್ಕಿಗೂ ಹೋಗುತ್ತೇನೆ. ಅನ್ನ, ಮುದ್ದೆ, ಬೋಂಡಾ ಇವುಗಳ ನಡುವೆ ನಿಂತು ದಿನವಿಡೀ ಜನರ ಜೊತೆ ಜಗಳವಾಡಲು ಬಾಯಿ ಜೋರಿರಲೇಬೇಕು. ಅಂಥ ನನ್ನ ಬಾಯಿಯನ್ನೂ ಕಟ್ಟಿಹಾಕಿದ್ದು ಹೆಮ್ಮಿಗೆಯ ಒಂದು ಹಿಟ್ಟಿನ ಮಿಲ್ಲು. ಅದನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಆ ಮಿಲ್ಲಿನ ಸೊಸೆ ಮೊದಲ ಸಲ ನನ್ನ ಮುಂದೆ ಕೂತಾಗ ಮೈಸೂರಿನ ತಜ್ಞ ವೈದ್ಯರ ಚೀಟಿ ತಂದಿದ್ದಳು. ಅವಳ ತವರು ಸೋಮನಾಥಪುರ. ಗಂಡ ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಮದುವೆಯಾಗಿ ಬಂದ ಮೇಲೆ ಅವಳ ಹೊಟ್ಟೆ ಕೆಟ್ಟಿತು, ರಕ್ತ ಇಳಿಯಿತು, ಎರಡು ಸಲ ಬಸಿರು ನಿಲ್ಲದೆ ಹೋಯಿತು. ಮಾಡದ ಹರಕೆ ಇಲ್ಲ. ಕೊನೆಗೆ ಮೈಸೂರಿನಲ್ಲಿ ಸೀಲಿಯಾಕ್ ಎಂಬ ಕಾಯಿಲೆ ಎಂದು ಗೊತ್ತಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಕೆಲವರ ಕರುಳಿಗೆ ಆಗಿಬರುವುದಿಲ್ಲ. ಒಂದು ಚಿಟಿಕೆ ಹೋದರೂ ಕರುಳಿನ ಒಳಪದರ ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ತವರಿನಲ್ಲಿ ಮುದ್ದೆ ಅನ್ನ ತಿಂದು ಬೆಳೆದವಳು ಇಲ್ಲಿ ದಿನಾ ರಾತ್ರಿ ಚಪಾತಿ ತಿನ್ನತೊಡಗಿದ್ದಳು, ಅತ್ತೆಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಇಡೀ ಮನೆಗೆ ರಾತ್ರಿ ಚಪಾತಿ.

ಗೋಧಿ ಬಿಟ್ಟು ವರ್ಷ ದಾಟಿತ್ತು. ಕೆನ್ನೆ ತುಂಬಿಕೊಂಡಿದ್ದವು, ರಕ್ತಪರೀಕ್ಷೆಯೂ ಸರಿಹೋಗಿತ್ತು. ಇನ್ನು ಸ್ವಲ್ಪಸ್ವಲ್ಪವಾಗಿ ಓಟ್ಸ್ ಕೊಟ್ಟು ನೋಡಬಹುದು ಎಂದು ವೈದ್ಯರು ಬರೆದಿದ್ದರು.

"ಅನ್ನ ತಿಂದೂ ತಿಂದೂ ಬೇಜಾರಾಗದೆ ಮೇಡಂ. ಹೊಟ್ಟೆನೂ ಸಲೀಸಾಗಿ ಓಗಲ್ಲ" ಎಂದಳು, ಪಕ್ಕದಲ್ಲಿದ್ದ ಮಾವನಿಗೆ ಕೇಳಿಸದ ಹಾಗೆ.

ಆ ಮಾವ ಮಿಲ್ಲಿನಿಂದ ನೇರ ಬಂದಿದ್ದರು. ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗೆ. ನಾನು ಓಟ್ಸ್ ಪುರಾಣ ಬಿಚ್ಚಿದೆ. ಅದರಲ್ಲಿರುವ ಒಂದು ಬಗೆಯ ನಾರು ನೀರಲ್ಲಿ ಕರಗಿ ಗಂಜಿಯ ಹಾಗೆ ಮಂದವಾಗುತ್ತದೆ. ಹೊಟ್ಟೆ ಸಲೀಸಾಗುತ್ತದೆ, ಸಕ್ಕರೆ ಸರ್ರನೆ ಏರುವುದಿಲ್ಲ, ಕೊಲೆಸ್ಟರಾಲೂ ತುಸು ಇಳಿಯುತ್ತದೆ. ಪಾಲಿಷ್ ಅಕ್ಕಿಗಿಂತ ಪ್ರೋಟೀನ್ ಜಾಸ್ತಿ, ಕಬ್ಬಿಣವೂ ಇದೆ. ಒಮ್ಮೆಲೇ ಬಟ್ಟಲುಗಟ್ಟಲೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಎರಡು ಚಮಚದಿಂದ ಶುರುಮಾಡಿ ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು ಎಂದೆ.

"ಇಷ್ಟೆಲ್ಲಾ ಒಳ್ಳೇದಿದ್ರೆ ಡಾಕ್ಟ್ರು ಇಷ್ಟ್ ದಿನ ಕೊಡಕ್ಕೆ ಭಯ ಪಟ್ಟಿದ್ಯಾಕೆ ಮೇಡಮ್ಮೋರೆ?" ಎಂದರು ಮಾವ.

"ಭಯ ಓಟ್ಸ್ ಮೇಲಲ್ಲ, ಅದರ ಸಹವಾಸದ ಮೇಲೆ" ಎಂದೆ. ಓಟ್ಸ್ ಬೆಳೆಯುವ ಹೊಲದ ಪಕ್ಕ ಗೋಧಿ ಇರುತ್ತದೆ, ಅದೇ ಲಾರಿ, ಅದೇ ಗೋದಾಮು, ಅದೇ ಯಂತ್ರ. ಮಾಮೂಲಿ ಪ್ಯಾಕೆಟ್ಟಿನಲ್ಲೂ ಗೋಧಿ ಬೆರೆತಿರಬಹುದು. ಇನ್ನು ಟಿ. ನರಸೀಪುರದ ಅಂಗಡಿಯೊಂದರಲ್ಲಿ ನಾನೇ ಕಣ್ಣಾರೆ ಕಂಡಿದ್ದೆ. ಬಿಡಿ ಓಟ್ಸ್ ಚೀಲದ ಪಕ್ಕದಲ್ಲೇ ಗೋಧಿರವೆ ಚೀಲ, ಎರಡಕ್ಕೂ ಒಂದೇ ಮೊರ. ಬಿಡಿಯದು ಬೇಡವೇ ಬೇಡ, ಗ್ಲುಟೆನ್ ಇಲ್ಲ ಎಂದು ಪರೀಕ್ಷೆ ಮಾಡಿ ಮುದ್ರಿಸಿದ್ದೇ ಬೇಕು, ಒಡೆದ ಮೇಲೆ ಬಿಗಿ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ತೇವ ಕುಡಿದು ಮುಗ್ಗಲು ವಾಸನೆ ಬಂದರೆ, ಹುಳ ಕಂಡರೆ ಅಯ್ಯೋ ಪಾಪ ಅನ್ನದೆ ಎಸೆಯಿರಿ, ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ ಎಂದೆ. ಮಾವ ಒಂದೊಂದಕ್ಕೂ ತಲೆ ಆಡಿಸಿದರು. ಆಡಿಸಿದಾಗಲೆಲ್ಲ ನನ್ನ ಮೇಜಿನ ಮೇಲೆ ಹಿಟ್ಟು ಉದುರುತ್ತಿತ್ತು.

"ಮೊದ್ಲು ಇದು. ಮಿಲ್ಲಿಂದ ಬಂದವರು ಹೀಗೇ ಅಡುಗೆಮನೆಗೆ ನುಗ್ಗಬೇಡಿ" ಎಂದು ಮೇಜು ತೋರಿಸಿದೆ. ಅವರು ನಾಚಿ, ಟವೆಲಿನಿಂದ ಮೇಜು ಒರೆಸಿ, ಇನ್ನಷ್ಟು ಹಿಟ್ಟು ಉದುರಿಸಿದರು.

ಮುಂದಿನ ಭೇಟಿಗೆ ಬಂದ ದೂರು ಬೇರೆ. ಬೇಯಿಸಿದ ಓಟ್ಸ್ ಲೋಳೆಲೋಳೆ, ಗಂಟಲಲ್ಲಿ ಇಳಿಯುವುದಿಲ್ಲ. ಹಿಟ್ಟು ಮಾಡಿದರೆ ದೋಸೆ, ರೊಟ್ಟಿ, ಅಂಬಲಿ ಏನು ಬೇಕಾದರೂ ಆಗುತ್ತದೆ. ಆದರೆ ಬೀಸುವುದೆಲ್ಲಿ? ಗೋಧಿ ಬೀಸುವ ಕಲ್ಲಿಗೆ ಅದನ್ನು ಸುರಿಯುವ ಹಾಗಿಲ್ಲ. ಅವಳ ರಾಗಿಯನ್ನೂ ಅದೇ ಕಾರಣಕ್ಕೆ ಸೋಮನಾಥಪುರದ ಅವ್ವ ಮನೆಯ ಬೀಸೋ ಕಲ್ಲಿನಲ್ಲಿ ಬೀಸಿ ಕಳಿಸುತ್ತಿದ್ದರು.

"ಮನೇಲಿ ಮಿಲ್ ಇಟ್ಕಂಡು ಬೀಗ್ತಿ ಕೈಲಿ ಬೀಸುಸ್ಕಂಡು ತಿನ್ನೋದು ಮಾನ ಓಗೋ ಇಸ್ಯ" ಎಂದವರೇ ಮಾವ ಟಿ. ನರಸೀಪುರದಲ್ಲಿ ಹೊಸ ಕಲ್ಲು ಕೊಂಡು, ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಕವಚ ಮಾಡಿಸಿ, ಸೊಸೆಗೆಂದೇ ಮಿಲ್ಲಿನ ಪಕ್ಕದಲ್ಲಿ ಒಂದು ಚಿಕ್ಕ ಮೆಷಿನ್ ಕೂರಿಸಿಬಿಟ್ಟರು. ಬೇರೆ ಕೋಣೆ, ಬೇರೆ ಜರಡಿ, ಬೇರೆ ಪೊರಕೆ. ನಾನು ಒಂದೊಂದನ್ನೂ ಕೇಳಿ ಕೇಳಿ ಒಪ್ಪಿಗೆ ಕೊಟ್ಟೆ. ಅಂದಿನಿಂದ ಓಟ್ಸೂ ಅಲ್ಲೇ, ಅವಳ ರಾಗಿಯೂ ಅಲ್ಲೇ.

ಅದಾದ ಕೆಲವು ವಾರಕ್ಕೆ ಅವಳು ಫೋನ್ ಮಾಡಿದಳು. "ಮೇಡಂ, ನಿಂತದೆ" ಎಂದಳು ಅಷ್ಟೆ. ಬಸಿರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರು "ಅಯ್ಯೋ ನನ್ನ ಕಂದಾ" ಎಂದು ಕೂಗಿಬಿಟ್ಟೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ವಾಂತಿ ನಿಲ್ಲುವ ಹೊತ್ತಿಗೆ ಭೇದಿ ಶುರುವಾಯಿತು. ಹೊಟ್ಟೆ ಮುಂದೆ ಬರಬೇಕಾದ ತಿಂಗಳಲ್ಲಿ ತೂಕ ಹಿಂದೆ ಹೋಯಿತು. ನಾನು ಮೊದಲು ಮಾಡಿದ್ದು ಓಟ್ಸ್ ನಿಲ್ಲಿಸಿದ್ದು. ಗೋಧಿ ಬೆರೆಯದಿದ್ದರೂ ಓಟ್ಸನ್ನೇ ಸಹಿಸದ ಕರುಳು ಅಪರೂಪಕ್ಕೆ ಇರುತ್ತದೆ, ಇದೂ ಅಂಥದೇ ಇರಬಹುದು ಎಂದುಕೊಂಡೆ. ಓಟ್ಸ್ ನಿಂತಿತು, ಕಾಯಿಲೆ ನಿಲ್ಲಲಿಲ್ಲ. ಸ್ಕ್ಯಾನಿಂಗಿನಲ್ಲಿ ಮಗು ಇರಬೇಕಾದ್ದಕ್ಕಿಂತ ಚಿಕ್ಕದು ಎಂದರು. ಈ ಸಲವೂ ಕೈಜಾರಿದರೆ ಅವಳು ಇನ್ನೊಮ್ಮೆ ಎದ್ದು ನಿಲ್ಲುವುದಿಲ್ಲ ಎನ್ನುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಟಿ. ನರಸೀಪುರದ ಕ್ಲಿನಿಕ್ಕಿನಲ್ಲಿ, ತುಂಬಿದ ಬೆಂಚುಗಳ ಎದುರು, ಅವಳ ಅತ್ತೆ ನನಗೆ ಚೆನ್ನಾಗಿಯೇ ಮಂಗಳಾರತಿ ಎತ್ತಿದರು.

"ಕುದ್ರೆ ತಿನ್ನೋ ಕಾಳ ಬಸ್ರಿಗೆ ತಿನ್ಸುದ್ರಲ್ಲ, ನಿಮ್ಗೆ ಓದ್ಸಿದೋರ್ ಯಾರು? ನಮ್ ಮನೆ ದೀಪ ಆರ್ಸೋಕೆ ಸಂಬ್ಳ ಕೊಡ್ತಾರಾ ನಿಮ್ಗೆ?"

"ಅತ್ತೆ, ಸುಮ್ಕಿರಿ. ಅವ್ರೇನ್ ಬೇಕೂಂತ ಮಾಡವ್ರಾ?" ಎಂದಳು ಸೊಸೆ. ಅವಳಿಗೆ ಕೂರಲೂ ತ್ರಾಣ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ತಿರುಗಿ ಬೀಳುತ್ತಿದ್ದೆ. ಅವತ್ತು ಒಂದು ಮಾತೂ ಹೊರಡಲಿಲ್ಲ. ಆ ತಾಯಿಯ ಸಿಟ್ಟಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ರಕ್ತದ ವರದಿ ಬಂತು. ಸೀಲಿಯಾಕ್ ಇದ್ದವರ ಮೈಗೆ ಗೋಧಿ ಹೋದಾಗ ಏರುವ ಅಂಶವೊಂದಿದೆ. ಇಳಿದು ಸರಿಹೋಗಿದ್ದ ಅದು ಮತ್ತೆ ಏರಿಕೊಂಡಿತ್ತು. ಮೈಸೂರಿನ ವೈದ್ಯರಿಗೆ ಫೋನ್ ಮಾಡಿದೆ. ಪುಣ್ಯಾತ್ಮ, ಊಟ ಬಿಟ್ಟು ಎದ್ದು ಬಂದು ಮಾತಾಡಿದರು.

"ಓಟ್ಸ್ ನಿಲ್ಲಿಸಿ ಇಷ್ಟು ದಿನ ಆದ ಮೇಲೂ ಇದು ಏರ್ತಿದೆ ಅಂದ್ರೆ ಎಲ್ಲಿಂದಲೋ ಗೋಧಿ ಹೋಗ್ತಿದೆ ಅಂತಲೇ ಅನ್ಕೋಬೇಕು. ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕಬಹುದು, ಆದರೆ ಮನೆಗೆ ವಾಪಸ್ ಹೋದ್ರೆ ಮತ್ತದೇ ಕತೆ. ದಾರಿ ಎಲ್ಲಿದೆ ಅಂತ ಹುಡುಕಿ. ಬೇಗ."

ಮಾವನಿಗೆ ಫೋನ್ ಮಾಡಿ ಮೆಷಿನ್ ಬಗ್ಗೆ ಕೇಳಿದೆ. "ನಮ್ಮಪ್ಪನಾಣೆ ಮೇಡಮ್ಮೋರೆ, ಒಂದ್ ಕಾಳ್ ಗೋದಿ ಅದ್ರ ಬಾಯಿಗೆ ಬಿದ್ದಿಲ್ಲ" ಎಂದರು. ಅವರ ದನಿ ಒಡೆದಿತ್ತು. ಸುಳ್ಳು ಹೇಳುವ ಮನುಷ್ಯ ಅಲ್ಲ. ಹಾಗಾದರೆ? ಕೇಳುವುದು ಮುಗಿಯಿತು, ಇನ್ನು ನೋಡಬೇಕು ಎಂದು ನಿರ್ಧರಿಸಿದೆ. ಬೈಸಿಕೊಂಡ ಮನೆಗೆ ಕರೆಯದೆ ಹೋಗುವುದು ಸುಲಭವಲ್ಲ. ರಜೆ ಹಾಕಿ ಹೆಮ್ಮಿಗೆಗೆ ಹೊರಟೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಬಯ್ಯೋದಿದ್ರೆ ಆಮೇಲೆ ಬಯ್ಯಿ ಅವ್ವ, ಮೊದ್ಲು ಅಡುಗೆಮನೆ ತೋರ್ಸಿ" ಎಂದೆ. ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ ದಾರಿ ಬಿಟ್ಟರು.

ಅಡುಗೆಮನೆ ಜಾಲಾಡಿದೆ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆಸಿರುತ್ತಾರೆ, ಇವರ ಡಬ್ಬಿಯಲ್ಲಿದ್ದದ್ದು ಮೈದಾ ಇಲ್ಲದ್ದು. ಸಾಂಬಾರ್ ಪುಡಿ ಮನೆಯಲ್ಲೇ ಕುಟ್ಟಿದ್ದು. ಮಾಲ್ಟ್ ಪುಡಿ ಇಲ್ಲ, ಬಿಸ್ಕತ್ತು ಇಲ್ಲ. ಸೊಸೆಗೆ ಬೇರೆ ಹಂಚು, ಬೇರೆ ಸೌಟು, ಗುರುತಿಗೆ ಹಿಡಿಗೆ ಕೆಂಪು ದಾರ. ಕಬ್ಬಿಣದ ಮಾತ್ರೆಯ ಹಾಳೆ ಕೂಡ ಓದಿದೆ. ರವೆಯೂ ಗೋಧಿಯೇ ಎಂದು ಗೊತ್ತಿಲ್ಲದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇವರಿಗೆ ಅದೂ ಗೊತ್ತಿತ್ತು, ಉಪ್ಪಿಟ್ಟು ಮಾಡುವುದನ್ನೇ ಬಿಟ್ಟಿದ್ದರು. ನನ್ನ ಮೇಲೆ ಹರಿಹಾಯ್ದ ಅತ್ತೆ ಸೊಸೆಗಾಗಿ ಇಷ್ಟೆಲ್ಲ ಮಾಡಿದ್ದರು. ಆ ಕೆಂಪು ದಾರಗಳನ್ನು ನೋಡುತ್ತ ಅವರ ಬಗ್ಗೆ ಇದ್ದ ಅಳುಕೆಲ್ಲ ಕರಗಿಹೋಯಿತು.

ಉಳಿದದ್ದು ಮೆಷಿನ್. "ಒಂದ್ಸಲ ಓಡ್ಸಿ. ದಿನಾ ಹೆಂಗೆ ಮಾಡ್ತೀರೋ ಹಂಗೇ. ನಾನಿಲ್ಲ ಅಂದ್ಕೊಳ್ಳಿ" ಎಂದೆ ಮಾವನಿಗೆ.

ಅವರು ಕೈಕಾಲು ತೊಳೆದು, ಅಂಗಿ ಬದಲಿಸಿ ಬಂದರು. ರಾಗಿ ಕೇರಿದ್ದರು, ತೊಳೆದು ಒಣಗಿಸಿದ್ದರು. ಕಲ್ಲು ಬಿಚ್ಚಿ ಹೊಸ ಬ್ರಷ್ಷಿನಿಂದ ಉಜ್ಜಿದರು, ಬಟ್ಟೆಯಿಂದ ಒರೆಸಿದರು. ಮೇಲಿನ ಬುಟ್ಟಿಗೆ ರಾಗಿ ಸುರಿದರು. ಸ್ವಿಚ್ಚಿಗೆ ಕೈ ಹಾಕುವ ಮೊದಲು "ಒಂದ್ ನಿಮ್ಸ" ಎಂದು ದೊಡ್ಡ ಮಿಲ್ಲಿನ ಕಡೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದರು. ಗ್ರೀಸು, ಸ್ಪ್ಯಾನರ್ ಇಡುವ ಕಪಾಟಿನಿಂದ. ಅದರೊಳಗಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೂದು ಬಣ್ಣದ ಉಂಡೆ ತೆಗೆದು, ಹಗ್ಗದ ಹಾಗೆ ಹೊಸೆದು, ಕವಚಕ್ಕೂ ಮುಚ್ಚಳಕ್ಕೂ ನಡುವಿದ್ದ ಸಂದಿಗೆ ಸುತ್ತಲೂ ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ತುಂಬತೊಡಗಿದರು.

"ಅದೇನದು?"

"ಇದಾ? ಮೆತ್ತೋ ಇಟ್ಟು ಕಣವ್ವ. ವೆಲ್ಡಿಂಗೋನು ಸಂದು ಬಿಟ್ಬುಟ್ಟವ್ನೆ. ಆ ಕಡೆ ಗೋದಿ ಬೀಸ್ತೀವಲ್ಲ, ಅದ್ರ ದೂಳು ಆರ್ಕಂಡ್ ಬಂದು ಈ ಸಂದಿಲಿ ಒಳೀಕ್ ಓಗ್ಬುಟ್ರೆ? ಅದ್ಕೇ ದಿನಾ ಮೆತ್ತಿ ಬಂದೋಬಸ್ತ್ ಮಾಡ್ತೀನಿ."

"ಯಾವುದರ ಹಿಟ್ಟು?"

"ಯಾವ್ದೂ ಇಲ್ಲ, ಮಿಲ್ಲಲ್ಲಿ ನೆಲಕ್ ಬಿದ್ದಿರ್ತದಲ್ಲ, ಗುಡ್ಸಿ ಕಲಸ್ಕಳದು. ನಮ್ಮಪ್ಪನ ಕಾಲ್ದಿಂದ ಇಂಗೇಯ. ಮೆತ್ತೋಕೆ ಗೋದಿದೇ ಆಗ್ಬೇಕು, ಬ್ಯಾರೆದು ನಿಲ್ಲ…"

ಒತ್ತುತ್ತಿದ್ದ ಹೆಬ್ಬೆಟ್ಟು ಸಂದಿಯಲ್ಲೇ ನಿಂತಿತು.

ನಾನು ಮುಚ್ಚಳ ಎತ್ತಿ ಮೊಬೈಲ್ ಟಾರ್ಚ್ ಹಾಕಿದೆ. ಒಳಅಂಚಿನ ಸುತ್ತ ಹಳೆಯ ಮೆತ್ತೋ ಹಿಟ್ಟು ಕಲ್ಲಿನ ಬಿಸಿಗೆ ಒಣಗಿ, ಗೋಡೆಯ ಗಾರೆಯಂತೆ ಬಿರಿದಿತ್ತು. ಮೆಷಿನ್ ಅದುರಿದಾಗಲೆಲ್ಲ ಅದರ ಚೂರುಗಳು ಕೆಳಗೆ ಉದುರಿ, ರಾಗಿಯ ಜೊತೆ, ಓಟ್ಸಿನ ಜೊತೆ ನುಣ್ಣಗೆ ಬೀಸಿಹೋಗಿದ್ದವು. ಗೋಧಿಯನ್ನು ಹೊರಗಿಡಲೆಂದೇ ಆ ಮನುಷ್ಯ ದಿನವೂ ಅಷ್ಟು ಜೋಪಾನವಾಗಿ ಗೋಧಿಯನ್ನೇ ಮೆತ್ತಿದ್ದರು. ಅವರ ಲೆಕ್ಕದಲ್ಲಿ ಅದು ತಿನ್ನುವ ವಸ್ತುವೇ ಅಲ್ಲ, ಗ್ರೀಸಿನ ಪಕ್ಕದ ಸಾಮಾನು. ನೂರು ಪ್ರಶ್ನೆ ಕೇಳಿದ್ದ ನನಗೂ ಅಂಥದ್ದೊಂದು ಇದೆ ಎಂದು ಕನಸಿನಲ್ಲೂ ಹೊಳೆಯುವ ಹಾಗಿರಲಿಲ್ಲ.

ಮಾವ ಹಾಗೇ ಕುಕ್ಕರಿಸಿದರು. "ನಾನೇ ಕೈಯಾರೆ ಇಕ್ಬುಟ್ನಲ್ಲವ್ವ" ಎಂದು ಹಣೆ ಚಚ್ಚಿಕೊಂಡರು. ಬಾಗಿಲಲ್ಲಿ ನಿಂತಿದ್ದ ಸೊಸೆ ಗೋಡೆ ಹಿಡಿದುಕೊಂಡೇ ಬಂದು ಅವರ ಪಕ್ಕ ಕೂತಳು.

"ಮಾವ, ನಂಗೋಸ್ಕರ ತಾನೆ ಮೆತ್ತುದ್ದು. ಅಳಬ್ಯಾಡಿ. ಈಗ ಗೊತ್ತಾಯ್ತಲ್ಲ."

ನನಗೋ ಒಳಗೊಳಗೇ ಒಂದು ದೊಡ್ಡ ನಿರಾಳ, ದೇವರೇ ಸಿಕ್ಕಿತಲ್ಲ ಎಂದು. "ಯಜಮಾನ್ರೇ, ಬೇರೆ ಹಿಟ್ಟು ಮೆತ್ತೋಕೆ ಯಾಕೆ ನಿಲ್ಲಲ್ಲ?" ಎಂದು ಕೇಳಿದೆ.

"ರಾಗಿ, ಜ್ವಾಳ ಒಣಗುದ್ರೆ ಉದ್ರೋಯ್ತದೆ. ಗೋದಿಲಿ ಅಂಟದೆ, ಎಳುದ್ರೆ ರಬ್ಬರ್ ತರ ಬತ್ತದೆ."

"ಆ ಅಂಟನ್ನೇ ಡಾಕ್ಟರು ಗ್ಲುಟೆನ್ ಅನ್ನೋದು. ಅದೇ ಇವಳಿಗೆ ಆಗದೇ ಇರೋದು."

ಅವರು ಕೈಯಲ್ಲಿದ್ದ ಉಂಡೆಯನ್ನು ಎಳೆದು ನೋಡಿದರು. ಅದು ತುಂಡಾಗದೆ ಉದ್ದಕ್ಕೆ ಹಿಗ್ಗಿತು. "ಓ… ಇದಾ! ಇಂಗೆ ಬುಡುಸಿ ಯಾರೂ ಯೋಳ್ಲಿಲ್ವಲ್ಲವ್ವ" ಎಂದರು. ನಾನು ಕ್ಲಿನಿಕ್ಕಿನಲ್ಲಿ ಅಷ್ಟು ದಿನ ಒದರಿದ್ದಕ್ಕಿಂತ ಆ ಉಂಡೆ ಚೆನ್ನಾಗಿ ಪಾಠ ಹೇಳಿತ್ತು. ಇವತ್ತಿಗೂ ಹೊಸ ರೋಗಿಗಳಿಗೆ ನಾನು ಗ್ಲುಟೆನ್ ಅರ್ಥ ಮಾಡಿಸುವುದು ಒಂದು ಉಂಡೆ ಗೋಧಿ ಹಿಟ್ಟು, ಒಂದು ಉಂಡೆ ರಾಗಿ ಹಿಟ್ಟು ಎಳೆದು ತೋರಿಸಿಯೇ.

ನಾನು ಹೇಳಿದ್ದು ಇಷ್ಟೆ. ಈ ಕಲ್ಲು ಇನ್ನು ಅವಳಿಗೆ ಬೇಡ, ಕಲ್ಲಿನ ರಂಧ್ರಗಳಲ್ಲಿ ಕೂತದ್ದು ಹೋಗುವುದಿಲ್ಲ. ಹೆರಿಗೆಯವರೆಗೆ ಸೋಮನಾಥಪುರದ ಬೀಸೋ ಕಲ್ಲಿನ ಹಿಟ್ಟೇ ಸಾಕು. ಅದಕ್ಕೆ ಅವರು ಒಪ್ಪಿ, ನಾನು ಕೇಳದೇ ಇದ್ದದ್ದನ್ನೂ ಮಾಡಿದರು. ಮರುದಿನದಿಂದ ಮಿಲ್ಲಿನಲ್ಲಿ ಗೋಧಿ ಬೀಸುವುದನ್ನೇ ನಿಲ್ಲಿಸಿಬಿಟ್ಟರು. ಮನೆಗೂ ಮಿಲ್ಲಿಗೂ ಒಂದೇ ಗೋಡೆ, ಗಾಳಿಯಲ್ಲಿ ಬರುವ ಧೂಳು ಕೂಡ ಬೇಡ ಎಂದು. ಚಪಾತಿ ತಿನ್ನುವ ಸಕ್ಕರೆ ಕಾಯಿಲೆಯವರೆಲ್ಲ ಗೊಣಗಿದರು, ಕೆಲವರು ನನ್ನ ಕ್ಲಿನಿಕ್ಕಿಗೇ ಬಂದರು.

"ರಾತ್ರಿ ಚಪಾತಿ ತಿನ್ನಿ ಅಂದೋರೂ ನೀವೇ, ಈಗ ಮಿಲ್ ನಿಲ್ಸಿರೋರೂ ನೀವೇ. ನಾವೇನ್ ಮಣ್ ತಿನ್ನದಾ?"

"ಮುದ್ದೆ ತಿನ್ನಿ. ಆದ್ರೆ ತಲೆ ಗಾತ್ರದ್ದಲ್ಲ, ನಿಂಬೆಹಣ್ಣಿಗಿಂತ ಚೂರು ದೊಡ್ಡದು. ಜೊತೆಗೆ ಸೊಪ್ಪು" ಎಂದೆ. ನನ್ನ ಬಾಯಿ ವಾಪಸ್ ಬಂದಿತ್ತು. ವಿಷಯ ತಿಳಿದ ಮೇಲೆ ಯಾರೂ ಗೊಣಗಲಿಲ್ಲ. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ಹೆಂಗಸರು ಕೂಡ ಗೋಧಿ ಹೊತ್ತುಕೊಂಡು ಟಿ. ನರಸೀಪುರಕ್ಕೆ ಹೋದರು, ರಾಗಿಯನ್ನು ಮಾತ್ರ ಇವರ ಮಿಲ್ಲಿಗೇ ತಂದರು. ಒಬ್ಬ ಬಸುರಿಗಾಗಿ ಒಂದು ಊರು ಹೀಗೆ ತಾನಾಗಿಯೇ ಹೊಂದಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಭೇದಿ ಮೆಲ್ಲಗೆ ಹಿಡಿತಕ್ಕೆ ಬಂತು. ತೂಕ ಮೊದಲು ನಿಂತಿತು, ಆಮೇಲೆ ಏರಿತು. ರಕ್ತದ ಅಂಶವೂ ಇಳಿಮುಖವಾದಾಗ ವೈದ್ಯರೇ ಮತ್ತೆ ಓಟ್ಸ್ ಶುರುಮಾಡಿ ಎಂದರು. ನಾನು ಭಯಪಟ್ಟು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡೆ, ನಿಜ ಹೇಳುತ್ತೇನೆ. ಆದರೆ ಸೊಸೆಗೆ ಭಯವಿರಲಿಲ್ಲ. "ಓಟ್ಸ್ ಏನ್ ತಪ್ ಮಾಡಿತ್ತು ಪಾಪ" ಎಂದಳು. ಅವಳ ಅವ್ವ ಬೀಸಿ ಕಳಿಸಿದ ಹಿಟ್ಟಿಗೆ ಮಜ್ಜಿಗೆ, ಈರುಳ್ಳಿ, ಜೀರಿಗೆ ಹಾಕಿ ಅತ್ತೆ ದೋಸೆ ಹೊಯ್ದರು. ಎರಡು ಚಮಚದಿಂದ ಶುರುವಾದದ್ದು ತಿಂಗಳಲ್ಲಿ ಎರಡು ದೋಸೆಗೆ ಬಂತು, ಹೊಟ್ಟೆ ತೆಪ್ಪಗಿತ್ತು. ಮುಂದಿನ ಸ್ಕ್ಯಾನಿಂಗಿನಲ್ಲಿ ಮಗು ಬೆಳೆದಿದೆ ಎಂದ ದಿನ ಅತ್ತೆ ಕ್ಲಿನಿಕ್ಕಿಗೆ ಬಂದು, ಅದೇ ಬೆಂಚುಗಳ ಎದುರು, ನನ್ನ ಮೇಜಿನ ಮೇಲೆ ಸ್ಟೀಲ್ ಡಬ್ಬಿ ಇಟ್ಟರು. ಒಳಗೆ ಎರಡು ಓಟ್ಸ್ ದೋಸೆ, ಕಾಯಿಚಟ್ನಿ.

"ತಿನ್ನಿ. ನಿಮ್ ಮೊಕನೂ ಬತ್ತೋಗದೆ" ಎಂದರು. ಅವರ ಕ್ಷಮಾಪಣೆಯೂ ಬೈಗುಳದ ಧಾಟಿಯಲ್ಲೇ ಇತ್ತು. ಕಣ್ಣೀರು ಬೆರೆತ ಚಟ್ನಿಯಲ್ಲಿ ಎರಡೂ ದೋಸೆ ಖಾಲಿ ಮಾಡಿದೆ.

ಹೆರಿಗೆ ಟಿ. ನರಸೀಪುರದಲ್ಲೇ ಆಯಿತು. ಹೆಣ್ಣುಮಗು. ಸಣ್ಣ ಮೈ, ಆದರೆ ಅಳು ಮಾತ್ರ ಅಜ್ಜಿಯದೇ. ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದರು, ಸೊಸೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಮಾವ ಕಾಣಲಿಲ್ಲ. ಹೊರಗೆ ನೋಡಿದರೆ ವರಾಂಡದ ಕಂಬದ ಹತ್ತಿರ ನಿಂತಿದ್ದರು. ಒಗೆದ ಬಿಳಿ ಪಂಚೆ, ಒಗೆದ ಅಂಗಿ, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಿಟ್ಟಿಲ್ಲದ ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಹುಬ್ಬು ಇನ್ನೂ ಕಪ್ಪಗಿದ್ದವು.

"ಇಲ್ಲೇಕೆ ನಿಂತ್ರಿ? ಒಳಗೆ ಬನ್ನಿ."

"ಇವತ್ತು ಮಿಲ್ ಬಾಗ್ಲೇ ತಗ್ದಿಲ್ಲ ಕಣವ್ವ. ಮನೇಲೊಂದ್ಸಲ ಮಿಂದೆ, ಇಲ್ಲಿ ನಲ್ಲೀಲೂ ಒಂದ್ಸಲ ಮಿಂದೆ. ಆದ್ರೂ…"

ಮಗುವಿಗೆ ಆ ಕಾಯಿಲೆ ಇದೆಯೋ ಇಲ್ಲವೋ ಮುಂದೆ ನೋಡೋಣ, ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮಂಚದ ತನಕ ಬಂದು, ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. ಉಗುರಿನ ಸಂದಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆಮೇಲೆ ಆ ಕೈಗಳನ್ನು ನನ್ನ ಮುಂದೆ ಚಾಚಿದರು.

"ಒಂದ್ಸಲ ನೋಡ್ಬುಡಿ ಮೇಡಮ್ಮೋರೆ. ಎತ್ಕಳದಾ?"

ನಾನು ನೋಡಿದೆ. ನಿಜವಾಗಿಯೂ ಬಗ್ಗಿ, ಎರಡೂ ಕೈ ತಿರುಗಿಸಿ ನೋಡಿದೆ. ಆಮೇಲೆ ಅತ್ತೆಯ ಮಡಿಲಿನಿಂದ ಮಗುವನ್ನು ತೆಗೆದು ಆ ಒದ್ದೆ ಕೈಗಳಲ್ಲಿಟ್ಟೆ.